ಕಡಲಾಚೆಯ ಚೆಂಡೆಸೆತಗಾರ

ಬೇಸ್‌ಬಾಲ್ ಅಮೆರಿಕದಲ್ಲಿ ಬೆಳೆದ ಆಟವಾದರೂ ಅದನ್ನು ತಮ್ಮದನ್ನಾಗಿ ಮಾಡಿಕೊಂಡ ಪರದೇಶೀಯರಲ್ಲಿ ಜಪಾನೀಯರು ಅಗ್ರಗಣ್ಯರು. ಟೋಕಿಯೊ ನಗರದ ಶಾಲೆಯೊಂದರಲ್ಲಿ ಅಮೆರಿಕದ ಅಧ್ಯಾಪಕನೊಬ್ಬನು 1870ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದ ಈ ಆಟ ಕ್ರಮೇಣ ದೇಶದ ಉದ್ದಗಲಕ್ಕೂ ಹಬ್ಬಿತು. 1936ರ ವೇಳೆಗೆ ಅಲ್ಲಿ ವೃತ್ತಿಪರ ತಂಡಗಳ ಪಂದ್ಯಾವಳಿಯೇ ಆರಂಭವಾಯಿತು.

ಕ್ರಿಕೆಟ್ ಬಲ್ಲವರಿಗೆ ಈ ಆಟದ ತಿರುಳು ಸುಲಭವಾಗಿ ತಿಳಿಯುತ್ತದೆ. ಕ್ರಿಕೆಟ್ಟಿನ ಬೌಲರ್ ಓಡಿಬಂದು ಚೆಂಡನ್ನು ನೆಲಕ್ಕೆ ಪುಟಿಸುತ್ತಾನೆ. ಬೇಸ್‌ಬಾಲಿನ ಎಸೆತಗಾರನಾದ ಪಿಚರ್ ಸಣ್ಣ ದಿಬ್ಬವೊಂದರ ಮೇಲೆ ನಿಂತು, ಸುಮಾರು ಹದಿನೆಂಟು ಮೀಟರ್ ದೂರದಲ್ಲಿರುವ ದಾಂಡಿಗನತ್ತ ಚೆಂಡನ್ನು ನೆಲಕ್ಕೆ ಸೋಕಿಸದೆ ಎಸೆಯುತ್ತಾನೆ. ಸರಿಯಾದ ಎಸೆತವನ್ನು ದಾಂಡಿಗನು ಮೂರು ಬಾರಿ ತಪ್ಪಿದರೆ ಔಟಾಗುತ್ತಾನೆ. ಇದಕ್ಕೆ ‘ಸ್ಟ್ರೈಕ್ ಔಟ್’ ಎಂದು ಹೆಸರು. ಪಿಚರನ ಹಿರಿಮೆಯನ್ನು ಅಳೆಯುವ ಮುಖ್ಯ ಮಾನದಂಡಗಳಲ್ಲಿ ಇದೂ ಒಂದು.

ಜಪಾನಿನ ಆಟಗಾರರು ಅಮೆರಿಕಕ್ಕೆ ಹೋಗಿ ಆಡುವುದು ಬಹುಕಾಲ ಅಸಾಧ್ಯವೆನಿಸಿತ್ತು. ಮಸನೋರಿ ಮುರಕಾಮಿ ಎಂಬ ತರುಣನನ್ನು ಅವನ ಜಪಾನೀ ತಂಡ 1964ರಲ್ಲಿ ತರಬೇತಿಗೆಂದು ಅಲ್ಲಿಗೆ ಕಳುಹಿಸಿತು. ಅವನ ಎಸೆತವನ್ನು ಮೆಚ್ಚಿದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ಅವನನ್ನು ಅದೇ ವರ್ಷ ಅತ್ಯುನ್ನತ ದರ್ಜೆಯ ಪಂದ್ಯಗಳಲ್ಲಿ ಇಳಿಸಿತು. ಅವನು ಯಾರಿಗೆ ಸೇರಿದವನೆಂಬ ವಿವಾದ ಎರಡು ದೇಶಗಳ ತಂಡಗಳ ನಡುವೆ ಎದ್ದು, 1965ರ ಪಂದ್ಯಗಳು ಮುಗಿದ ಬಳಿಕ ಅವನು ಸ್ವದೇಶಕ್ಕೆ ಮರಳಬೇಕಾಯಿತು. ಪರಸ್ಪರರ ಆಟಗಾರರನ್ನು ಸೆಳೆಯಕೂಡದೆಂಬ ಒಡಂಬಡಿಕೆ 1967ರಲ್ಲಿ ಆದುದರಿಂದ ಆ ಬಾಗಿಲು ಮುಚ್ಚಿತು. ಮುಂದೆ ಅದನ್ನು ತೆರೆದವನು ಹಿಡಿಯೊ ನೋಮೊ.

ನೋಮೊ 1968ರಲ್ಲಿ ಒಸಾಕಾ ನಗರದಲ್ಲಿ ಜನಿಸಿದನು. ಶಾಲೆ ಮುಗಿದ ಮೇಲೆ ಉಕ್ಕಿನ ಕಂಪನಿಯೊಂದರ ಸಕಾಯ್ ಕಾರ್ಖಾನೆಯ ತಂಡವನ್ನು ಸೇರಿದನು. ಜಪಾನಿನ ದೊಡ್ಡ ಕಂಪನಿಗಳು ತಮ್ಮ ನೌಕರರ ತಂಡಗಳನ್ನು ಕಟ್ಟಿ ಬೆಳೆಸುವುದು ಹಳೆಯ ಪದ್ಧತಿ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಬೇಸ್‌ಬಾಲ್ ಪ್ರದರ್ಶನ ಕ್ರೀಡೆಯಾಗಿದ್ದು, ರಜತ ಸ್ಥಾನ ಗಳಿಸಿದ ಜಪಾನ್ ತಂಡದಲ್ಲಿ ಅವನೂ ಇದ್ದನು.

ಅವನ ಎಸೆತದ ಭಂಗಿ ಒಮ್ಮೆ ನೋಡಿದವರು ಮರೆಯುವಂಥದಲ್ಲ. ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಎದುರಾಳಿಗೆ ತನ್ನ ಬೆನ್ನೇ ಕಾಣುವಷ್ಟು ಸೊಂಟವನ್ನು ತಿರುಚಿ, ಅರೆಕ್ಷಣ ತಡೆದು, ಒಮ್ಮೆಲೇ ತಿರುಗಿ ಚೆಂಡನ್ನು ಬಿಡುತ್ತಿದ್ದನು. ಜನ ಇದನ್ನು ಸುಂಟರಗಾಳಿಯ ಎಸೆತವೆಂದು ಕರೆದರು. ತೋರುಬೆರಳು, ನಡುಬೆರಳುಗಳ ನಡುವೆ ಚೆಂಡನ್ನು ಸಿಕ್ಕಿಸಿ ಎಸೆಯುವ ‘ಫೋರ್ಕ್‌ಬಾಲ್’ ಅವನ ಇನ್ನೊಂದು ಅಸ್ತ್ರ. ಹೀಗೆ ಎಸೆದ ಚೆಂಡು ಹೆಚ್ಚು ಗಿರಕಿ ಹೊಡೆಯದ ಕಾರಣ ದಾಂಡಿಗನ ಸಮೀಪಕ್ಕೆ ಬಂದಾಗ ಥಟ್ಟನೆ ಕೆಳಕ್ಕೆ ಇಳಿಯುತ್ತದೆ. ದಾಂಡು ಬರಿಯ ಗಾಳಿಯನ್ನು ಸೀಳುತ್ತದೆ.

ಎಂಟು ವೃತ್ತಿಪರ ತಂಡಗಳು ಅವನನ್ನು ಬಯಸಿದ್ದರಿಂದ 1989ರಲ್ಲಿ ಚೀಟಿ ಎತ್ತಬೇಕಾಯಿತು. ಅವನು ಕಿಂಟೆತ್ಸು ತಂಡದ ಪಾಲಾದನು. ಮೊದಲನೆಯ ವರ್ಷವೇ 18 ಗೆಲುವು, 287 ಸ್ಟ್ರೈಕ್ ಔಟ್! ಮೊದಲ ನಾಲ್ಕು ವರ್ಷವೂ ತನ್ನ ಲೀಗಿನ ಗೆಲುವುಗಳ ಪಟ್ಟಿಯಲ್ಲಿ ಅವನೇ ಮೇಲಿದ್ದನು. ಆದರೆ 1994ರಲ್ಲಿ ಭುಜಕ್ಕೆ ಪೆಟ್ಟಾಯಿತು. ತಂಡದ ವ್ಯವಸ್ಥಾಪಕನೊಡನೆ ಅಭ್ಯಾಸಕ್ರಮದ ವಿಷಯದಲ್ಲಿ ಭಿನ್ನಾಭಿಪ್ರಾಯವೂ ಬೆಳೆಯಿತು. ಸ್ವೇಚ್ಛೆಯಿಂದ ಬೇರೆ ತಂಡ ಸೇರಲು ಆಟಗಾರನಿಗೆ ಅಧಿಕಾರವಿರಲಿಲ್ಲ. ಆ ಹಕ್ಕು ದೊರೆಯಲು ದೀರ್ಘಕಾಲದ ಸೇವೆ ಸಲ್ಲಿಸಬೇಕಿತ್ತು.

ಈ ಬಿಕ್ಕಟ್ಟಿನಲ್ಲಿ ಅವನ ಪ್ರತಿನಿಧಿ ಡಾನ್ ನೊಮುರಾ ನಿಯಮಗಳ ಪುಸ್ತಕವನ್ನು ಜಾಲಾಡಿದನು. ತಾನಾಗಿ ನಿವೃತ್ತನಾದವನು ಮತ್ತೆ ಜಪಾನಿನಲ್ಲಿ ಆಡುವುದಾದರೆ ಹಳೆಯ ತಂಡಕ್ಕೇ ಬರಬೇಕೆಂದು ಅಲ್ಲಿ ಬರೆದಿತ್ತು. ವಿದೇಶದಲ್ಲಿ ಆಡಕೂಡದೆಂದು ಬರೆದಿರಲಿಲ್ಲ! ಇಪ್ಪತ್ತಾರರ ಹರೆಯದ ನೋಮೊ ನಿವೃತ್ತಿ ಘೋಷಿಸಿದನು. ಪತ್ರಿಕೆಗಳು ಅವನನ್ನು ಕೃತಘ್ನನೆಂದು ಹಳಿದವು. ಅಲ್ಲಿ ಸೋತರೆ ತಲೆಯೆತ್ತಿ ಹಿಂದಿರುಗುವ ದಾರಿ ಅವನಿಗಿರಲಿಲ್ಲ.

1995ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡ 20 ಲಕ್ಷ ಡಾಲರುಗಳನ್ನು ಕೊಟ್ಟು ಅವನೊಡನೆ ಕರಾರು ಮಾಡಿಕೊಂಡಿತು. ಆಟಗಾರರ ಮುಷ್ಕರದಿಂದ ಹಿಂದಿನ ವರ್ಷದ ಅಂತಿಮ ಸರಣಿಯೇ ರದ್ದಾಗಿ, ಅಮೆರಿಕದ ಪ್ರೇಕ್ಷಕರು ಆಟದ ಮೇಲೆಯೇ ಮುನಿದಿದ್ದ ಸಮಯವದು. ಹೊಸಬನ ವಿಚಿತ್ರ ಭಂಗಿ ಅವರನ್ನು ಮತ್ತೆ ಕ್ರೀಡಾಂಗಣಕ್ಕೆ ಸೆಳೆಯಿತು. ಅಲ್ಲಿಯ ಸಂಜೆಯ ಪಂದ್ಯಗಳನ್ನು ಜಪಾನಿನವರು ತಮ್ಮ ಬೆಳಗಿನಲ್ಲಿ ದೂರದರ್ಶನದ ಮುಂದೆ ಕುಳಿತು ನೋಡಿದರು. 13 ಗೆಲುವು, 236 ಸ್ಟ್ರೈಕ್ ಔಟುಗಳೊಂದಿಗೆ ಅವನು ಆ ವರ್ಷದ ಶ್ರೇಷ್ಠ ನವ ಆಟಗಾರನೆನಿಸಿದನು.

ಮರುವರ್ಷ ಸೆಪ್ಟೆಂಬರ್ 17ರಂದು ಡೆನ್ವರ್ ನಗರದಲ್ಲಿ ನಡೆದುದು ಇನ್ನೂ ದೊಡ್ಡದು. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿರುವ ಆ ಊರಿನಲ್ಲಿ ಗಾಳಿ ತೆಳು. ಹೊಡೆದ ಚೆಂಡು ದೂರ ಹಾರುತ್ತದೆ, ಎಸೆದ ಚೆಂಡು ಸರಿಯಾಗಿ ತಿರುಗುವುದಿಲ್ಲ. ಪಿಚರುಗಳ ಪಾಲಿಗೆ ಅದು ಶಾಪದ ನೆಲ. ಸಾಲದುದಕ್ಕೆ ಮಳೆ ಸುರಿದು ದಿಬ್ಬ ಜಾರುತ್ತಿತ್ತು. ನೋಮೊ ತನ್ನ ಪ್ರಸಿದ್ಧ ತಿರುಚನ್ನೇ ಬಿಟ್ಟು, ಸರಳವಾಗಿ ಎಸೆದು, ಒಂಬತ್ತು ಇನ್ನಿಂಗ್ಸುಗಳಲ್ಲಿ ಎದುರಾಳಿಗಳಿಗೆ ಒಂದು ಹೊಡೆತವನ್ನೂ ದಕ್ಕಗೊಡಲಿಲ್ಲ.

ಆದರೆ ತೋಳು ಕಬ್ಬಿಣದ್ದಲ್ಲವಷ್ಟೆ. ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. 1998ರಲ್ಲಿ ಡಾಡ್ಜರ್ಸ್ ಅವನನ್ನು ನ್ಯೂಯಾರ್ಕಿನ ಮೆಟ್ಸ್ ತಂಡಕ್ಕೆ ಕೊಟ್ಟಿತು. ಮೆಟ್ಸ್ ಮರುವರ್ಷ ಕೈಬಿಟ್ಟಿತು. ಷಿಕಾಗೊ ತಂಡವೊಂದರ ಕೆಳದರ್ಜೆಯ ಶಾಖೆಯಲ್ಲಿ ಕೆಲಕಾಲ ಆಡಿ, ಅಲ್ಲಿಯೂ ನೆಲೆ ದೊರೆಯದೆ ಮಿಲ್ವಾಕಿಗೆ ಹೋದನು. ಅಲ್ಲಿಂದ ಡೆಟ್ರಾಯಿಟ್, ಅಲ್ಲಿಂದ ಬಾಸ್ಟನ್. ವರ್ಷಕ್ಕೊಂದು ಊರು, ವರ್ಷಕ್ಕೊಂದು ಅಂಗಿ. ಅವನ ಕಾಲ ಮುಗಿಯಿತೆಂದು ಎಷ್ಟೋ ಮಂದಿ ಬಗೆದಿದ್ದಾಗ, 2001ರ ಏಪ್ರಿಲ್ 4ರಂದು ಬಾಸ್ಟನ್ ತಂಡದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಎರಡನೆಯ ಬಾರಿ ಹೊಡೆತವಿಲ್ಲದ ಪಂದ್ಯವನ್ನು ಎಸೆದನು. ಎರಡೂ ಲೀಗುಗಳಲ್ಲಿ ಈ ಸಾಧನೆ ಮಾಡಿದವರಲ್ಲಿ ಅವನು ನಾಲ್ಕನೆಯವನು. ಇಚಿರೊ ಸುಜುಕಿ ಅಮೆರಿಕದ ಮೈದಾನಕ್ಕೆ ಕಾಲಿಟ್ಟುದೂ ಅದೇ ವಾರದಲ್ಲಿ.

ಹಳೆಯ ಡಾಡ್ಜರ್ಸ್ ತಂಡ ಅವನನ್ನು ಮತ್ತೆ ಕರೆಯಿತು. 2002, 2003 ಎರಡು ವರ್ಷವೂ ಹದಿನಾರು ಗೆಲುವುಗಳು ಬಂದವು. ಬಳಿಕ ಭುಜ ಮತ್ತೆ ಕೈಕೊಟ್ಟಿತು. 2005ರಲ್ಲಿ ಟ್ಯಾಂಪಾ ಬೇ ತಂಡದಲ್ಲಿದ್ದಾಗ ಎರಡು ದೇಶಗಳ ಗೆಲುವು ಸೇರಿ ಇನ್ನೂರಾಯಿತು. ಕೆಲವೇ ವಾರಗಳಲ್ಲಿ ಅಲ್ಲಿಂದಲೂ ಹೊರಡಬೇಕಾಯಿತು. ಕೆಳದರ್ಜೆಯ ತಂಡಗಳಲ್ಲಿ ಆಡಿದನು, ವೆನಿಜುವೆಲಾ ದೇಶದ ಚಳಿಗಾಲದ ಪಂದ್ಯಗಳಲ್ಲಿಯೂ ಎಸೆದನು. 2008ರಲ್ಲಿ ಕಾನ್ಸಾಸ್ ಸಿಟಿ ತಂಡ ಅವಕಾಶ ನೀಡಿದರೂ ಮೂರೇ ಪಂದ್ಯಗಳಲ್ಲಿ ಅದು ಕೊನೆಗೊಂಡಿತು.

ಈ ಅಲೆದಾಟದ ನಡುವೆಯೂ ಅವನು ಊರನ್ನು ಮರೆತಿರಲಿಲ್ಲ. ಆರ್ಥಿಕ ಮುಗ್ಗಟ್ಟಿನಿಂದ ಜಪಾನಿನ ಕಂಪನಿಗಳು ತಮ್ಮ ತಂಡಗಳನ್ನು ಒಂದೊಂದಾಗಿ ಮುಚ್ಚತೊಡಗಿದ್ದವು. ಅವನು ಕಲಿತ ಸಕಾಯ್ ತಂಡವೂ ಅವುಗಳಲ್ಲೊಂದು. ಅಂಥ ತಂಡಗಳಿಲ್ಲದೆ ಆಡಲು ನೆಲೆಯಿಲ್ಲದಾದ ತರುಣರಿಗಾಗಿ 2003ರಲ್ಲಿ ಅವನು ಅದೇ ಸಕಾಯ್‌ನಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು.

2008ರ ಜುಲೈನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ನೋಮೊ ಎರಡನೆಯ ಬಾರಿ ನಿವೃತ್ತಿ ಘೋಷಿಸಿದನು. ಈ ಬಾರಿ ಅದು ನಿಜವಾದ ನಿವೃತ್ತಿ. ಎಷ್ಟೋ ಆಟಗಾರರು ಯಾವ ಕೊರಗೂ ಇಲ್ಲದೆ ಬಿಡುತ್ತೇವೆಂದು ಹೇಳುತ್ತಾರೆ, ತನಗಾದರೋ ಕೊರಗು ಉಳಿದಿದೆ ಎಂದು ಅವನು ಹೇಳಿದನು.