ನಮೂನೆಯಿಂದ ತಂತ್ರಾಂಶ: ಮುಕ್ತ ತಂತ್ರಾಂಶ ಉತ್ಪಾದಕ ಸಾಧನ ಮತ್ತು ಗದಗ ಭಾಗದ ವಹಿವಾಟು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಗಣಕಯಂತ್ರದಲ್ಲಿ ಲೆಕ್ಕ ಇಡತೊಡಗಿ ಬಹಳ ವರ್ಷಗಳಾದವು. ಕೀರ್ದಿ-ಖತಾವಣಿಯ ಮಟ್ಟಿಗೆ ಸಿದ್ಧ ತಂತ್ರಾಂಶಗಳು ಸಾಕಾಗುತ್ತವೆ. ತೊಡಕು ಉಂಟಾಗುವುದು ಆಯಾ ಅಂಗಡಿಗೆ ಅಥವಾ ಕಾರ್ಖಾನೆಗೆ ಮಾತ್ರ ವಿಶಿಷ್ಟವಾದ ಪದ್ಧತಿಯನ್ನು ಗಣಕಕ್ಕೆ ಒಪ್ಪಿಸಬೇಕಾದಾಗ. ಕಾಟಾ ಚೀಟಿ, ಹತ್ತಿಯ ತೇವಾಂಶದ ಕಡಿತ, ಹಮಾಲಿ, ಮುದ್ರಣಾಲಯದಲ್ಲಿ ಕಾಗದದ ರೀಮು ಮತ್ತು ಹಾಳೆಗಳ ಲೆಕ್ಕ ಇಂಥವುಗಳಿಗೆ ಯಾರಾದರೂ ಪ್ರೋಗ್ರಾಮರ್‌ನಿಂದ ಪ್ರತ್ಯೇಕ ತಂತ್ರಾಂಶ ಬರೆಯಿಸಿಕೊಳ್ಳುವುದು ರೂಢಿ. ಆತ ಕೆಲಸ ಅರಸಿ ಬೆಂಗಳೂರಿಗೋ ಪುಣೆಗೋ ಹೋದನೆಂದರೆ ತಂತ್ರಾಂಶ ಅನಾಥವಾಗುತ್ತದೆ. ಅದರ ಮೂಲ ಬರವಣಿಗೆ, ಅಂದರೆ ಸೋರ್ಸ್ ಕೋಡ್, ಮಾಲೀಕರ ಬಳಿ ಇರುವುದೇ ಇಲ್ಲ.

ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಈ ತೊಡಕು ಇನ್ನಷ್ಟು ದುಬಾರಿಯಾಗಿದೆ. 2017ರ ಜುಲೈ 1ರಂದು ತೆರಿಗೆ ಜಾರಿಯಾಯಿತು. 2021ರ ಏಪ್ರಿಲ್‌ನಿಂದ ಎಚ್‌ಎಸ್‌ಎನ್ ಸಂಖ್ಯೆಯ ಅಂಕಿಗಳ ನಿಯಮ ಬದಲಾಯಿತು. 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರಗಳೇ ಬದಲಾದವು. ದರವನ್ನು ಪ್ರೋಗ್ರಾಮಿನ ಸಾಲುಗಳೊಳಗೇ ಬರೆದಿಟ್ಟಿದ್ದಲ್ಲಿ ಪ್ರತಿ ಬದಲಾವಣೆಗೂ ಪ್ರೋಗ್ರಾಮರ್‌ನನ್ನು ಹುಡುಕಬೇಕಾಗುತ್ತದೆ. ದರವು ಒಂದು ಕೋಷ್ಟಕದಲ್ಲಿ ಇದ್ದರೆ ಗುಮಾಸ್ತನೇ ಅದನ್ನು ತಿದ್ದಬಲ್ಲ.

ಈ ಎರಡನೆಯ ವಿಧಾನವನ್ನೇ ಮುಂದುವರಿಸಿ ರೂಪಿಸಿರುವುದು ತಂತ್ರಾಂಶ ಉತ್ಪಾದಕ ಸಾಧನ. ಇಲ್ಲಿ ಪ್ರೋಗ್ರಾಮನ್ನು ಸಾಲುಸಾಲಾಗಿ ಬರೆಯುವ ಬದಲು, ಬೇಕಾದ ದಾಖಲೆ ಹೇಗಿರಬೇಕೆಂಬ ವಿವರಣೆಯನ್ನು ಮಾತ್ರ ಕೊಡಲಾಗುತ್ತದೆ. ಉಳಿದ ಬಹುಪಾಲನ್ನು ಸಾಧನವೇ ಹುಟ್ಟುಹಾಕುತ್ತದೆ. ಜಕಾರ್ಡ್ ಮಗ್ಗವನ್ನು ಕಂಡ ನೇಕಾರರಿಗೆ ಇದು ಬೇಗನೆ ಅರ್ಥವಾದೀತು: ವಿನ್ಯಾಸವಿರುವುದು ರಂಧ್ರ ಕೊರೆದ ರಟ್ಟಿನಲ್ಲಿ, ರಟ್ಟು ಬದಲಿಸಿದರೆ ಅದೇ ಮಗ್ಗ ಬೇರೆ ವಿನ್ಯಾಸವನ್ನು ನೇಯುತ್ತದೆ.

ಭಾರತದಲ್ಲೇ ಬೆಳೆದ ಇಂತಹ ಸಾಧನ 'ಫ್ರಾಪೆ' ಎಂಬ ಚೌಕಟ್ಟು. ಅದರ ಮೇಲೆ ಕಟ್ಟಿದ ವ್ಯಾಪಾರಿ ತಂತ್ರಾಂಶವೇ 'ಇಆರ್‌ಪಿನೆಕ್ಸ್ಟ್'. ಮುಂಬಯಿಯ ರುಷಭ್ ಮೆಹ್ತಾ ಅವರು ತಮ್ಮ ಕುಟುಂಬದ ಪೀಠೋಪಕರಣ ಉದ್ದಿಮೆಗೆ ಸಿದ್ಧ ತಂತ್ರಾಂಶವನ್ನು ಅಳವಡಿಸಲು ಮಾಡಿದ ಪ್ರಯತ್ನ ಕೈಗೂಡದಿದ್ದಾಗ ತಾವೇ ಬರೆಯಲಾರಂಭಿಸಿದ್ದು ಇದರ ಮೂಲ. 2008ರಲ್ಲಿ ಸಂಸ್ಥೆ ರೂಪುಗೊಂಡಿತು. ಬೆಂಗಳೂರಿನ ಜೆರೋಧಾ ಸಂಸ್ಥೆಯೂ ಇದನ್ನು ಬಳಸುತ್ತದೆ. ದೊಡ್ಡ ತಂತ್ರಾಂಶ ಕಂಪನಿಯ ಕೋಣೆಯಲ್ಲಿ ಅಲ್ಲ, ಸಣ್ಣ ಉದ್ದಿಮೆದಾರನ ಅಗತ್ಯದಿಂದ ಹುಟ್ಟಿದ್ದೆಂಬುದು ಇದರ ಸ್ವಭಾವದಲ್ಲಿ ಇಂದಿಗೂ ಕಾಣುತ್ತದೆ.

ಫ್ರಾಪೆಯಲ್ಲಿ ವಿವರಣೆಯ ಘಟಕಕ್ಕೆ 'ಡಾಕ್‌ಟೈಪ್' ಎಂದು ಹೆಸರು. ಕನ್ನಡದಲ್ಲಿ ದಾಖಲೆಯ ನಮೂನೆ ಎನ್ನಬಹುದು. ಜಿನ್ನಿಂಗ್ ಕಾರ್ಖಾನೆಯೊಂದರ 'ಹತ್ತಿ ಆವಕ' ನಮೂನೆಯನ್ನು ತೆಗೆದುಕೊಳ್ಳೋಣ. ದಿನಾಂಕ, ರೈತನ ಹೆಸರು, ಊರು, ವಾಹನದ ಸಂಖ್ಯೆ, ಒಟ್ಟು ತೂಕ, ಖಾಲಿ ವಾಹನದ ತೂಕ, ನಿವ್ವಳ ತೂಕ, ತೇವಾಂಶ, ಕ್ವಿಂಟಲ್ ದರ, ಮೊತ್ತ ಎಂಬ ಕಲಮುಗಳನ್ನು ಪರದೆಯ ಮೇಲೆಯೇ ಒಂದೊಂದಾಗಿ ಸೇರಿಸಿ, ಯಾವುದು ಸಂಖ್ಯೆ, ಯಾವುದು ದಿನಾಂಕ, ಯಾವುದು ಕಡ್ಡಾಯ ಎಂದು ಗುರುತಿಸಿದರೆ ಸಾಕು. ಉಳಿಸಿದ ಕೂಡಲೇ ದತ್ತಸಂಚಯದಲ್ಲಿ ಕೋಷ್ಟಕ, ಭರ್ತಿ ಮಾಡುವ ಪರದೆ, ಹುಡುಕುವ ಪಟ್ಟಿ, ಯಾರು ನೋಡಬಹುದು ಯಾರು ತಿದ್ದಬಹುದು ಎಂಬ ಅನುಮತಿಗಳ ವ್ಯವಸ್ಥೆ, ಇತರ ತಂತ್ರಾಂಶಗಳೊಡನೆ ಮಾಹಿತಿ ವಿನಿಮಯದ ದ್ವಾರ, ಇವೆಲ್ಲ ತಾವಾಗಿಯೇ ಸಿದ್ಧವಾಗುತ್ತವೆ. ಕೈಯಿಂದ ಬರೆದರೆ ವಾರಗಟ್ಟಲೆ ಹಿಡಿಯುವ ಕೆಲಸವಿದು.

ಆದರೆ ನಿಯಮಗಳನ್ನು ಸಾಧನವು ಊಹಿಸಲಾರದು. ಉದಾಹರಣೆಗೆ ಒಟ್ಟು ತೂಕ 5,840 ಕಿಲೋ, ಖಾಲಿ ಟ್ರ್ಯಾಕ್ಟರ್ ತೂಕ 2,360 ಕಿಲೋ, ದರ ಕ್ವಿಂಟಲ್‌ಗೆ 7,200 ರೂಪಾಯಿ ಎಂದಿಟ್ಟುಕೊಳ್ಳಿ. ನಿವ್ವಳ 34.80 ಕ್ವಿಂಟಲ್, ಮೊತ್ತ 2,50,560 ರೂಪಾಯಿ. ತೇವಾಂಶ ಶೇಕಡಾ 10 ಇದ್ದು, ಶೇಕಡಾ 8ಕ್ಕಿಂತ ಹೆಚ್ಚಿನ ಪ್ರತಿ ಅಂಶಕ್ಕೆ ಶೇಕಡಾ 1ರಂತೆ ಕಡಿತವೆಂಬ ಪದ್ಧತಿಯಿದ್ದರೆ ರೈತನಿಗೆ ಸಲ್ಲುವುದು 2,45,548.80 ರೂಪಾಯಿ. ರೈತನಿಂದ ಕೊಂಡ ಕಚ್ಚಾ ಹತ್ತಿಗೆ 2017ರ ನವೆಂಬರ್ 15ರಿಂದ ಖರೀದಿದಾರನೇ ತೆರಿಗೆ ಕಟ್ಟುವ ಹಿಮ್ಮುಖ ಪದ್ಧತಿ ಇದೆ. ಶೇಕಡಾ 5ರಂತೆ ಅದು 12,277.44 ರೂಪಾಯಿ. ಇದನ್ನು ನಗದು ಖಾತೆಯಿಂದ ಕಟ್ಟಿ ನಂತರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬೇಕು. ಕಡಿತದ ಮೊದಲಿನ ಮೊತ್ತಕ್ಕೆ ತೆರಿಗೆ ಹಾಕಿದರೆ ಒಂದು ಗಾಡಿಗೆ 250 ರೂಪಾಯಿಗಳಷ್ಟು ವ್ಯತ್ಯಾಸ ಬೀಳುತ್ತದೆ. ಹಂಗಾಮಿನಲ್ಲಿ ದಿನಕ್ಕೆ 40 ಗಾಡಿ ಬರುವಲ್ಲಿ ಇದು ಸಣ್ಣ ಮಾತಲ್ಲ. ಯಾವುದರ ನಂತರ ಯಾವುದು ಎಂಬ ಈ ಕ್ರಮವನ್ನು ಮನುಷ್ಯನೇ ಬರೆಯಬೇಕು. ಪೈಥಾನ್ ಭಾಷೆಯಲ್ಲಿ ಅದು ಹತ್ತು ಸಾಲು ಮೀರದು.

ಆ ಹತ್ತು ಸಾಲನ್ನು ಎಲ್ಲಿ ಬರೆಯಬೇಕೆಂಬುದೇ ಸಾಧನದ ವಿಸ್ತರಣೆಯಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಸಾಧನವು ತಾನೇ ಹುಟ್ಟುಹಾಕಿದ ಕಡತದಲ್ಲಿ ಕೈಯಾಡಿಸಿದರೆ, ನಮೂನೆಯನ್ನು ಮತ್ತೆ ಉಳಿಸಿದಾಗ ಅದು ಅಳಿಸಿಹೋಗಬಹುದು. ಮೂಲ ಇಆರ್‌ಪಿನೆಕ್ಸ್ಟ್‌ನ ಕಡತವನ್ನೇ ತಿದ್ದಿದರೆ ಹೊಸ ಆವೃತ್ತಿ ಬಂದಾಗ ತಿದ್ದುಪಡಿಗೂ ಹೊಸ ಬರವಣಿಗೆಗೂ ಜಗಳ ಹತ್ತುತ್ತದೆ. ಫ್ರಾಪೆಯಲ್ಲಿ ಇದಕ್ಕೆ ದಾರಿಯಿದೆ. ನಮೂನೆಯ ವಿವರಣೆ ಒಂದು ಕಡತದಲ್ಲಿ, ನಿಯಮಗಳು ಇನ್ನೊಂದರಲ್ಲಿ ಇರುತ್ತವೆ. ಮೊದಲನೆಯದನ್ನು ಸಾಧನ ಪ್ರತಿಸಲ ಹೊಸದಾಗಿ ಬರೆಯುತ್ತದೆ, ಎರಡನೆಯದರಲ್ಲಿ ಮನುಷ್ಯ ಬರೆದ ನಿಯಮಗಳನ್ನು ಮುಟ್ಟುವುದಿಲ್ಲ. ಅದಕ್ಕೂ ಮೇಲಾಗಿ, ಕಾರ್ಖಾನೆಯ ಎಲ್ಲ ಸೇರ್ಪಡೆಗಳನ್ನು ಪ್ರತ್ಯೇಕ 'ಆಪ್' ಒಂದರಲ್ಲಿ ಇಟ್ಟು, ಖರೀದಿ ಬಿಲ್ಲು ಉಳಿಸುವಾಗ ಈ ನಿಯಮವನ್ನೂ ನಡೆಸು ಎಂದು ಮೂಲ ತಂತ್ರಾಂಶಕ್ಕೆ ಕೊಂಡಿ ಹಾಕಬಹುದು. ಪ್ರೋಗ್ರಾಮರ್‌ಗೆ ಕೆಲಸ ಒಪ್ಪಿಸುವ ಮಾಲೀಕರು ಬೇರೇನನ್ನು ಕೇಳದಿದ್ದರೂ ಇದೊಂದನ್ನು ಕೇಳತಕ್ಕದ್ದು: ತಿದ್ದುಪಡಿಯೆಲ್ಲ ಪ್ರತ್ಯೇಕ ಆಪ್‌ನಲ್ಲಿ ಇದೆಯೇ, ಅದರ ಪ್ರತಿ ತಮ್ಮ ಕೈಯಲ್ಲಿದೆಯೇ?

ಮುಕ್ತ ತಂತ್ರಾಂಶವೆಂದರೆ ಅಂಗಡಿಯ ಲೆಕ್ಕವೂ ಎಲ್ಲರಿಗೆ ಮುಕ್ತವೇ ಎಂಬ ಸಂದೇಹ ಸಾಮಾನ್ಯ. ಹಾಗಿಲ್ಲ. ಮುಕ್ತವಾಗಿರುವುದು ಪ್ರೋಗ್ರಾಮಿನ ಬರವಣಿಗೆ. ಲೆಕ್ಕಪತ್ರ ಮಾಲೀಕರ ಸರ್ವರಿನಲ್ಲೇ ಇರುತ್ತದೆ. ಇಆರ್‌ಪಿನೆಕ್ಸ್ಟ್ ಜಿಪಿಎಲ್ ಪರವಾನಗಿಯಡಿ ಇದೆ. ತಮ್ಮ ಬಳಕೆಗೆಂದು ತಿದ್ದಿಕೊಂಡರೆ ಅದನ್ನು ಪ್ರಕಟಿಸಬೇಕೆಂಬ ಕಟ್ಟುಪಾಡಿಲ್ಲ. ತಿದ್ದಿದ ತಂತ್ರಾಂಶವನ್ನು ಇತರರಿಗೆ ಕೊಟ್ಟರೆ ಅಥವಾ ಮಾರಿದರೆ ಮಾತ್ರ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ಫ್ರಾಪೆ ಚೌಕಟ್ಟಿನ ಎಂಐಟಿ ಪರವಾನಗಿ ಇನ್ನೂ ಸಡಿಲ.

ಪರವಾನಗಿ ಶುಲ್ಕವಿಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಸರ್ವರ್, ಬ್ಯಾಕಪ್, ಲಿನಕ್ಸ್ ಬಲ್ಲವರ ಸಂಬಳ ಇದ್ದೇ ಇವೆ. ಒಂದೆರಡು ಬಗೆಯ ಖರೀದಿ-ಮಾರಾಟವಷ್ಟೇ ಇರುವ ಕಿರಾಣಿ ವರ್ತಕರಿಗೆ ಟ್ಯಾಲಿಯೇ ಸಾಕು. ಅದಕ್ಕೂ ಟಿಡಿಎಲ್ ಎಂಬ ವಿಸ್ತರಣಾ ಭಾಷೆ ಇದೆ. ಆದರೆ ಒಂದೇ ಬಗೆಯ ಉದ್ದಿಮೆಯವರು ನಾಲ್ಕಾರು ಮಂದಿ ಕೂಡಿದರೆ ಲೆಕ್ಕಾಚಾರವೇ ಬದಲಾಗುತ್ತದೆ. ಫ್ರಾಪೆಯ ಒಂದೇ ಸ್ಥಾಪನೆಯಲ್ಲಿ ಹಲವು 'ಸೈಟ್'ಗಳನ್ನು ನಡೆಸಬಹುದು. ಪ್ರತಿ ಸೈಟಿನ ದತ್ತಸಂಚಯ ಬೇರೆ, ಆಪ್ ಮಾತ್ರ ಎಲ್ಲರಿಗೂ ಒಂದೇ. ಲಕ್ಷ್ಮೇಶ್ವರದ ಕಾರ್ಖಾನೆಯ ಕಡಿತದ ದರ ಮುಂಡರಗಿಯದಕ್ಕಿಂತ ಬೇರೆಯಾಗಿದ್ದರೂ ಅದನ್ನು ಆಯಾ ಸೈಟಿನ ಕೋಷ್ಟಕದಲ್ಲಿಟ್ಟರಾಯಿತು. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ತಾಲ್ಲೂಕಿಗೆ ಈ ಏರ್ಪಾಡು ಅಪರಿಚಿತವೆನಿಸಬಾರದು.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ರೈತನಿಗೆ ಕೊಡುವ ಚೀಟಿಯನ್ನು ಕನ್ನಡದಲ್ಲೇ ಮುದ್ರಿಸಬಹುದು, ಆದರೆ ಹೆಸರು ಮತ್ತು ಊರುಗಳು ಯುನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟ ಪಟ್ಟಿಗಳನ್ನು ಹಾಗೆಯೇ ತುಂಬಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ, ಮೊದಲು ಪರಿವರ್ತಿಸಿಕೊಳ್ಳಬೇಕು.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳೂ ಪ್ರೋಗ್ರಾಮ್ ಬರೆದುಕೊಡುತ್ತಿವೆ. ನಿಯಮದ ಹತ್ತು ಸಾಲನ್ನು ಅವುಗಳಿಂದ ಬರೆಯಿಸಿದರೂ, ಹಳೆಯ ಹತ್ತಿಪ್ಪತ್ತು ಕಾಟಾ ಚೀಟಿಗಳನ್ನು ತುಂಬಿ ಪೈಸೆಯವರೆಗೆ ತಾಳೆ ನೋಡದೆ ಬಳಕೆಗೆ ತರಲಾಗದು. ಈ ಪರೀಕ್ಷೆಗೆ ಪ್ರತ್ಯೇಕ ಸೈಟನ್ನು ಇಟ್ಟುಕೊಂಡು, ಹೊಸ ಆವೃತ್ತಿಯನ್ನೂ ಮೊದಲು ಅಲ್ಲಿಯೇ ಹಾಕಿ ನೋಡಬೇಕು. ಹೊಸ ಹತ್ತಿ ಬರತೊಡಗುವ ಅಕ್ಟೋಬರ್‌ನಿಂದ ಆವಕ ಇಳಿಯುವವರೆಗೆ ನಡೆಯುತ್ತಿರುವ ತಂತ್ರಾಂಶದ ಆವೃತ್ತಿಯನ್ನು ಬದಲಿಸದಿರುವುದು ಕ್ಷೇಮ. ಬದಲಾವಣೆಗೆ ತಕ್ಕ ಕಾಲ ಬೇಸಿಗೆ. ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ವರ್ಷವೂ ಆರಂಭವಾಗುವುದರಿಂದ ಆರಂಭಿಕ ಶಿಲ್ಕುಗಳನ್ನು ಒಮ್ಮೆಲೇ ತುಂಬಿಕೊಳ್ಳಬಹುದು.