ನಮ್ಮ ಬೀದಿಯ ಪೇದೆ ಯಾರ ಅಧೀನ?

ರಾತ್ರಿ ನಿಮ್ಮ ಬೀದಿಯಲ್ಲಿ ಗಸ್ತು ತಿರುಗುವ ಪೋಲೀಸ್ ಪೇದೆ ದಿಲ್ಲಿಯ ಗೃಹಮಂತ್ರಾಲಯದ ಅಪ್ಪಣೆಯಂತೆ ನಡೆಯುವವನೆಂದು ನೀವು ಭಾವಿಸಿರಬಹುದು. ಹಾಗಲ್ಲ. ಸಂವಿಧಾನದ 7ನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮೊದಲನೆಯ ವಿಷಯ ಸಾರ್ವಜನಿಕ ಸುವ್ಯವಸ್ಥೆ, ಎರಡನೆಯದೇ ಪೋಲೀಸು. ಪೇದೆಯ ನೇಮಕ, ಸಂಬಳ, ತಪ್ಪಿದರೆ ದಂಡನೆ, ಎಲ್ಲವೂ ರಾಜ್ಯ ಸರ್ಕಾರದ ಹೊಣೆ. ನಮ್ಮಲ್ಲಿ ಇದಕ್ಕೆ ಆಧಾರ 1963ರ ಪೋಲೀಸ್ ಕಾಯಿದೆ.

ಹಾಗಾದರೆ ಕೇಂದ್ರ ಗೃಹಮಂತ್ರಾಲಯದ ಕೆಲಸವೇನು? ಐ.ಪಿ.ಎಸ್. ಅಧಿಕಾರಿಗಳನ್ನು ಅದು ರಾಜ್ಯಗಳಿಗೆ ಹಂಚಿಕೊಡುತ್ತದೆ. 1939ರಲ್ಲಿ ನೀಮಚ್‌ನಲ್ಲಿ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆದ ಕೇಂದ್ರ ಮೀಸಲು ಪೋಲೀಸ್ ಪಡೆಯೂ, 1965ರ ಗಡಿ ಭದ್ರತಾ ಪಡೆಯೂ ಅದರವೇ. ದೊಡ್ಡ ಗಲಭೆಯಾಗಿ ರಾಜ್ಯವು ಕೋರಿದಾಗ ಮೀಸಲು ಪಡೆಯನ್ನು ಕಳುಹಿಸುತ್ತದೆ. ದಿಲ್ಲಿ ನಗರದ ಪೋಲೀಸರಂತೂ ನೇರವಾಗಿ ಅದರ ಕೈಕೆಳಗಿದ್ದಾರೆ.

ದಂಡ ಹಿಡಿದವರು ಜನರಿಗೆ ಹತ್ತಿರದಲ್ಲೇ ಉತ್ತರ ಹೇಳಬೇಕೆಂಬುದು ಈ ಹಂಚಿಕೆಯ ಸಾರ. ಆದರೆ ಹತ್ತಿರದ ಅಧಿಕಾರವೂ ದಾರಿ ತಪ್ಪಬಹುದು. ಅದಕ್ಕೆಂದೇ 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪೋಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ರಾಜ್ಯ ಮತ್ತು ಜಿಲ್ಲೆಗಳಲ್ಲಿ ಪ್ರಾಧಿಕಾರಗಳಿರಬೇಕೆಂದು ಆದೇಶಿಸಿತು.

ಇದನ್ನು ತಿಳಿದರೆ ನಿಮಗೇನು ಪ್ರಯೋಜನ? ಕಳವಿನಂಥ ಅಪರಾಧದ ದೂರನ್ನು ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ದಿಲ್ಲಿಗೆ ಕಾಗದ ಬರೆದು ಕಾಯಬೇಕಾಗಿಲ್ಲ. 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ವಿಷಯವನ್ನು ಬರೆದು ಅಂಚೆಯ ಮೂಲಕ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು. ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದಿದೆ.