ಹಳೆ ಜೀಪಿಗೆ ಹೊಸ ಬ್ರೇಕ್

ಕೆಲಗೇರಿಯ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಅವರ ಹತ್ತಿರ ಹಳೆಯ ಜೀಪ್ ಇದೆ. ಒಂದು ದಿನ ಅವರು ಕೆರೆ ಕಡೆ ಇಳಿಜಾರಿನಲ್ಲಿ ಬರುತ್ತಿದ್ದರು. ಎಮ್ಮೆಗಳು ಅಡ್ಡ ಬಂದವು.

“ಬ್ರೇಕ್ ತುಳಿದ್ನಿ ಅಕ್ಕೋರ. ಪೆಡಲ್ ಸೀದಾ ತಳಕ್ಕ ಹೋತು. ಗಾಡಿ ನಿಲ್ಲಲೇ ಇಲ್ಲ!” ಎಂದು ಕಾಕಾ ನನಗೆ ಹೇಳಿದರು.

ಅವರು ಗಾಬರಿಯಾಗಲಿಲ್ಲ. ಗೇರ್ ಇಳಿಸಿದರು. ಹ್ಯಾಂಡ್ ಬ್ರೇಕ್ ಎಳೆದರು. ಅದು ತಂತಿಯಿಂದ ಕೆಲಸ ಮಾಡುತ್ತದೆ. ಗಾಡಿ ನಿಂತಿತು. ಜೀವ ಉಳಿಯಿತು.

ಹೀಗೆ ಏಕಾಯಿತು?

ಕಾಲಿನ ಬ್ರೇಕ್ ಎಣ್ಣೆಯ ಬಲದಿಂದ ಹಿಡಿಯುತ್ತದೆ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ನೂಕುತ್ತದೆ. ಆ ಒತ್ತಡ ಪೈಪಿನ ಮೂಲಕ ನಾಲ್ಕೂ ಗಾಲಿಗೆ ಮುಟ್ಟುತ್ತದೆ. ಅಲ್ಲಿ ಲೈನರ್ ಡ್ರಮ್ಮಿಗೆ ಒತ್ತಿ ಗಾಲಿಯನ್ನು ಹಿಡಿಯುತ್ತದೆ.

ನಮ್ಮ ದೇಶದಲ್ಲಿ ಜೀಪ್ ಜೋಡಿಸುವುದು 1940ರ ದಶಕದಲ್ಲಿ ಶುರುವಾಯಿತು. ಹಳೆ ಕಾಲದ ಜೀಪುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಕೋಣೆಯಿಂದ ಎಣ್ಣೆ ಹೋಗುತ್ತದೆ. ಒಂದೇ ಹಗ್ಗ ನಂಬಿ ಬಾವಿಗೆ ಇಳಿದಂತೆ! ಕಾಕಾನ ಗಾಡಿಯಲ್ಲಿ ಒಂದು ರಬ್ಬರ್ ಪೈಪ್ ಒಡೆದಿತ್ತು. ಎಣ್ಣೆ ಸೋರಿತು. ನಾಲ್ಕೂ ಬ್ರೇಕ್ ಹೋದವು.

ತಾಸಿಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಯೋಚನೆ ಮಾಡಲು ವೇಳೆ ಎಲ್ಲಿದೆ?

ಇದಕ್ಕೆ ಉಪಾಯವೇನು?

ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಸಿಗುತ್ತದೆ. ಇದಕ್ಕೆ ಟ್ಯಾಂಡಮ್ ಸಿಲಿಂಡರ್ ಎನ್ನುತ್ತಾರೆ. ಒಂದು ಕೋಣೆ ಮುಂದಿನ ಗಾಲಿಗೆ, ಇನ್ನೊಂದು ಹಿಂದಿನ ಗಾಲಿಗೆ. ಮುಂದಿನ ಪೈಪ್ ಒಡೆದರೂ ಹಿಂದಿನ ಬ್ರೇಕ್ ಇರುತ್ತದೆ. ಗಾಡಿ ತುಸು ದೂರ ಹೋಗಿ ನಿಲ್ಲುತ್ತದೆ. ಆದರೆ ನಿಲ್ಲುತ್ತದೆ.

ಕೆಲವರು ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿಸುತ್ತಾರೆ. ಡಿಸ್ಕ್ ಬೇಗ ಆರುತ್ತದೆ. ನೀರಿನಲ್ಲಿ ತೋಯ್ದರೂ ಬೇಗ ಹಿಡಿತಕ್ಕೆ ಬರುತ್ತದೆ. ಆದರೆ ಸಿಲಿಂಡರ್, ಡಿಸ್ಕ್, ಡ್ರಮ್ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಗಾಲಿ ಜಾರುತ್ತದೆ. ಬಲ್ಲ ಮೆಕ್ಯಾನಿಕ್ ಕೈಯಿಂದಲೇ ಮಾಡಿಸಿರಿ. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿರಿ. ಕಂಪನಿ ಮಾಡಿದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ.

ಇವನ್ನು ಮರೆಯಬೇಡಿರಿ

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಬ್ರೇಕ್ ಕಾದಾಗ ಆ ಎಣ್ಣೆ ಕುದಿಯುತ್ತದೆ. ಆಗ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿರಿ.

ಇಂಜಿನ್ ಎಣ್ಣೆಯನ್ನು ಬ್ರೇಕಿಗೆ ಹಾಕಲೇಬಾರದು. ರಬ್ಬರ್ ಉಬ್ಬಿ ಕೆಡುತ್ತದೆ. ಡಬ್ಬಿಯ ಮೇಲೆ ‘ಡಾಟ್ 3’ ಅಥವಾ ‘ಡಾಟ್ 4’ ಎಂದಿರುತ್ತದೆ. ನಿಮ್ಮ ಗಾಡಿಗೆ ಯಾವುದು? ಓದಿ ಹಾಕಿರಿ.

ಕಾಕಾ ಈಗ ಡಬ್ಬಿ ಓದಿಯೇ ಕೊಳ್ಳುತ್ತಾರೆ. “ನಾಕ್ ಅಕ್ಷರ ಕಲ್ತದ್ದು ಸಾರ್ಥಕ ಆತು ಅಕ್ಕೋರ” ಎನ್ನುತ್ತಾರೆ.

ಹೇಳಿರಿ:
1. ಒಂದು ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಏಕೆ ಹೋದವು?
2. ಎರಡು ಕೋಣೆಯ ಸಿಲಿಂಡರಿನಿಂದ ಏನು ಲಾಭ?
3. ನಿಮ್ಮ ಮನೆಯ ಗಾಡಿಯ ಬ್ರೇಕ್ ಎಣ್ಣೆ ಬದಲಿಸಿ ಎಷ್ಟು ದಿನವಾಯಿತು?